ನಿತ್ಯಾಚಾರವೂ ಜನಾರೋಗ್ಯವೂ

(ಶ್ರೀಮಠದ ಮಹೋತ್ಸವ ಸಭೆಯಲ್ಲಿ ಮಾಡಿದ ಉಪನ್ಯಾಸ)

 

ಮಠದ ಮಹೋತ್ಸವವೆಂಬುದು ನೆನಪಿನ ಹಬ್ಬ. ಪೂರ್ವದ ಗುರುಗಳ ತಪಸ್ಸು, ಭಕ್ತರ ತ್ಯಾಗ, ತಪ್ಪದೆ ಉರಿದುಬಂದ ದಾಸೋಹದ ಒಲೆ, ಇವೆಲ್ಲವೂ ಇಂತಹ ದಿನಗಳಲ್ಲಿ ಕೀರ್ತಿಸಲ್ಪಡುವುವು. ಅದು ಯುಕ್ತವೇ ಸರಿ. ಆದರೆ ಭಕ್ತನ ದಿನಚರಿಯನ್ನು ಸೂಕ್ಷ್ಮವಾಗಿ ನೋಡಿದಲ್ಲಿ, ಈ ಘನಕಾರ್ಯಗಳೆಲ್ಲದರ ತಳದಲ್ಲಿ ಎರಡು ಅತಿ ಸಾಮಾನ್ಯವಾದ ವಸ್ತುಗಳು ಕಾಣಬರುವುವು: ಒಂದು ನೀರು, ಇನ್ನೊಂದು ಕೈ. ನೀರಿಲ್ಲದೆ ಸ್ನಾನವಿಲ್ಲ, ಮಜ್ಜನವಿಲ್ಲ, ಪಾದೋದಕವಿಲ್ಲ, ಪಾಕವಿಲ್ಲ. ಇನ್ನು ಕೈಯಂತೂ ಲಿಂಗವಂತನಿಗೆ ಬರಿಯ ಅವಯವವಲ್ಲ. ಇಷ್ಟಲಿಂಗವು ಬಿಜಯಮಾಡುವ ಪೀಠವೇ ಅದು. ಕರಸ್ಥಲವೆಂದು ಶರಣರು ಅದನ್ನು ಕರೆದರು. ಪೂಜೆಯ ವೇಳೆಯಲ್ಲಿ ಪೀಠವಾದ ಕೈಯೇ ಕಾಯಕದ ವೇಳೆಯಲ್ಲಿ ನೇಗಿಲನ್ನೂ ಮಗ್ಗವನ್ನೂ ಹಿಡಿಯುವುದು. ದಾಸೋಹದ ವೇಳೆಯಲ್ಲಿ ಅನ್ನವನ್ನು ನೀಡುವುದು. ಈ ನೀರು ಮತ್ತು ಈ ಕೈಗಳನ್ನು ಕುರಿತು ಲೋಕವು ಕಳೆದ ಇನ್ನೂರು ವರ್ಷಗಳಲ್ಲಿ ಏನನ್ನು ಕಲಿತಿದೆ, ಆ ಕಲಿಕೆಯು ಭಕ್ತರ ಮನೆಗಳಲ್ಲಿ ಎಷ್ಟರಮಟ್ಟಿಗೆ ಆಚರಣೆಗೆ ಬಂದಿದೆ ಎಂಬುದೇ ಈ ಉಪನ್ಯಾಸದ ವಿಷಯ.

ಶರಣಮಾರ್ಗದಲ್ಲಿ ಅರಿವಿಗೂ ಆಚಾರಕ್ಕೂ ಬೇರ್ಪಡದ ಸಂಬಂಧವಿದೆ. ಆಚಾರಕ್ಕೆ ಇಳಿಯದ ಅರಿವು ಫಲವಿಲ್ಲದ ಮರ. ಅರಿವಿಲ್ಲದ ಆಚಾರವು ಬೇರಿಲ್ಲದ ಮರ. ಪರಮಾರ್ಥದಲ್ಲಿ ಸತ್ಯವಾದ ಈ ಮಾತು ಲೋಕವ್ಯವಹಾರದಲ್ಲಿಯೂ ಅಷ್ಟೇ ಸತ್ಯ. ಪಂಡಿತನೊಬ್ಬನು ಒಂದು ಹೊಸ ತತ್ತ್ವವನ್ನು ಕಂಡುಹಿಡಿದ ಮಾತ್ರಕ್ಕೆ ಜನರ ಪ್ರಾಣ ಉಳಿಯುವುದಿಲ್ಲ. ಆ ತತ್ತ್ವವು ಗ್ರಂಥದಿಂದ ಇಳಿದು, ಬಡವನ ಮನೆಯ ಬಿಂದಿಗೆಯ ಬಾಯಿಗೂ ತಾಯಿಯ ಅಂಗೈಗೂ ಬಂದು ನಿತ್ಯಾಚಾರವಾದಾಗಲೇ ಅದು ಜೀವ ಕಾಯುವುದು. ಇದಕ್ಕೆ ಸಾಕ್ಷಿಯನ್ನು ಹುಡುಕಿಕೊಂಡು ದೂರ ಹೋಗಬೇಕಾದುದಿಲ್ಲ; ಕನ್ನಡನಾಡಿನ ಹಳ್ಳಿಗಳಲ್ಲಿಯೇ ಅದು ದೊರೆಯುವುದು.

ಉತ್ತರ ಕರ್ನಾಟಕದ ಬಯಲುಸೀಮೆಯ ಹಿರಿಯರನ್ನು ನಾರುಹುಣ್ಣಿನ ವಿಷಯವಾಗಿ ಕೇಳಿದರೆ ಅವರ ಮುಖವು ಇಂದಿಗೂ ಕಂದುವುದು. ಕಾಲಿನಲ್ಲಿ ಮೊದಲು ಉರಿಯುವ ಒಂದು ಗುಳ್ಳೆ. ಅದು ಒಡೆದರೆ ಒಳಗಿನಿಂದ ಬಿಳಿಯ ನೂಲಿನಂತಹ ಒಂದು ಹುಳು. ಅದರ ಉದ್ದ ಕೆಲವು ವೇಳೆ ಒಂದು ಮೀಟರಿನವರೆಗೂ ಇರುವುದು. ಅದನ್ನು ಎಳೆದರೆ ನಡುವೆ ಹರಿದು ಹುಣ್ಣು ಕೀವಾಗುವುದು. ಆದುದರಿಂದ ಚಿಕ್ಕ ಕಡ್ಡಿಯೊಂದಕ್ಕೆ ಸುತ್ತಿ ದಿನಕ್ಕೆ ಅಂಗುಲ ಎರಡಂಗುಲದಂತೆ ವಾರಗಟ್ಟಲೆ ಹೊರತೆಗೆಯಬೇಕಾಗಿತ್ತು. ರೋಗಿಯು ಸಾಯುವುದು ಅಪೂರ್ವ. ಆದರೆ ಬಿತ್ತುವ ಕಾಲದಲ್ಲಿ ಒಕ್ಕಲಿಗನು ಹಾಸಿಗೆ ಹಿಡಿದರೆ ಆ ವರ್ಷ ಆ ಮನೆಯ ಕಣಜ ಬರಿದು. ಜನರು ಇದನ್ನು ಪೂರ್ವಕರ್ಮದ ಫಲವೆಂದರು, ದೈವದ ಮುನಿಸೆಂದರು. ನಿಜವಾದ ಕಾರಣವೋ ಊರ ಮೆಟ್ಟಿಲುಬಾವಿಯಲ್ಲಿಯೇ ಇತ್ತು.

ಈ ಹುಳುವಿನ ಜೀವನಚಕ್ರದ ರಹಸ್ಯವನ್ನು 1870ರ ಸುಮಾರಿಗೆ ರಷ್ಯಾ ದೇಶದ ಫೆಡ್ಚೆಂಕೊ ಎಂಬ ಪ್ರಕೃತಿಶಾಸ್ತ್ರಜ್ಞನು ತುರ್ಕಿಸ್ತಾನದಲ್ಲಿ ಬಿಡಿಸಿದನು. ಕಾಲಿನಲ್ಲಿ ಹುಣ್ಣುಳ್ಳವನು ನೀರಿಗೋಸ್ಕರ ಮೆಟ್ಟಿಲಿಳಿದು ಬಾವಿಯಲ್ಲಿ ಕಾಲಿಡುವನು; ತಣ್ಣೀರು ತಗುಲಿದೊಡನೆ ಹುಳುವು ಲಕ್ಷಾಂತರ ಮರಿಗಳನ್ನು ನೀರಿಗೆ ಬಿಡುವುದು; ಸೈಕ್ಲಾಪ್ಸ್ ಎಂಬ, ಸಾಸಿವೆಗಿಂತ ಕಿರಿದಾದ ಜಲಕೀಟವು ಆ ಮರಿಗಳನ್ನು ನುಂಗುವುದು; ಆ ನೀರನ್ನು ಸೋಸದೆ ಕುಡಿದವನ ಹೊಟ್ಟೆಯನ್ನು ಕೀಟದೊಡನೆ ಮರಿಯೂ ಸೇರುವುದು; ಸುಮಾರು ಒಂದು ವರ್ಷದ ತರುವಾಯ ಅವನ ಕಾಲಿನಲ್ಲಿ ಮತ್ತೆ ಗುಳ್ಳೆ ಏಳುವುದು. ಒಂದು ವರ್ಷದ ಹಿಂದೆ ಕುಡಿದ ನೀರನ್ನು ಇಂದಿನ ಹುಣ್ಣಿಗೆ ಕಾರಣವೆಂದು ಯಾರು ತಾನೇ ಊಹಿಸಬಲ್ಲರು? ದೋಷವು ದೈವದ ಮೇಲೆ ಬಿದ್ದುದು ಆಶ್ಚರ್ಯವಲ್ಲ.

ಈ ರೋಗವನ್ನು ತಡೆಯುವ ಲಸಿಕೆ ಅಂದೂ ಇರಲಿಲ್ಲ, ಇಂದೂ ಇಲ್ಲ. ಹುಳುವನ್ನು ದೇಹದೊಳಗೆ ಕೊಲ್ಲುವ ಔಷಧವೂ ಇಲ್ಲ. ಆದರೂ ರೋಗವು ಭಾರತವನ್ನು ಬಿಟ್ಟುಹೋಯಿತು. 1984ರಲ್ಲಿ ಕರ್ನಾಟಕವೂ ಸೇರಿ ದೇಶದ ಏಳು ರಾಜ್ಯಗಳಲ್ಲಿ ಸುಮಾರು 40,000 ಮಂದಿ ಈ ಬಾಧೆಯಿಂದ ನರಳುತ್ತಿದ್ದರು. ಸರ್ಕಾರವು ಕೈಕೊಂಡ ಕಾರ್ಯಕ್ರಮದಲ್ಲಿ ಮಾಡಿದುದಾದರೂ ಏನು? ಕುಡಿಯುವ ನೀರನ್ನು ಬಟ್ಟೆಯಲ್ಲಿ ಸೋಸಬೇಕೆಂದು ಮನೆಮನೆಗೆ ಹೇಳಲಾಯಿತು. ಇಳಿದು ತುಂಬುವ ಮೆಟ್ಟಿಲುಬಾವಿಗಳನ್ನು ಸೇದುವ ಬಾವಿಗಳನ್ನಾಗಿ ಮಾರ್ಪಡಿಸಲಾಯಿತು. ಕೊಳವೆಬಾವಿಗಳನ್ನು ತೋಡಲಾಯಿತು. ನೀರಿಗೆ ಕೀಟನಾಶಕವನ್ನು ಹಾಕಲಾಯಿತು. ಹುಣ್ಣುಳ್ಳವರು ನೀರಿಗಿಳಿಯಬಾರದೆಂದು ತಿಳಿಹೇಳಲಾಯಿತು. ಇಷ್ಟೇ. ದೇಶದ ಕಟ್ಟಕಡೆಯ ರೋಗಿಯು 1996ನೆಯ ಜುಲೈ ತಿಂಗಳಿನಲ್ಲಿ ರಾಜಸ್ಥಾನದಲ್ಲಿ ಕಂಡುಬಂದನು. 2000ನೆಯ ಫೆಬ್ರವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಭಾರತವನ್ನು ಈ ರೋಗದಿಂದ ಮುಕ್ತವಾದ ದೇಶವೆಂದು ಸಾರಿತು. 1986ರಲ್ಲಿ ಜಗತ್ತಿನಲ್ಲೆಲ್ಲ ವರ್ಷಕ್ಕೆ ಸುಮಾರು 35 ಲಕ್ಷ ಜನರನ್ನು ಪೀಡಿಸುತ್ತಿದ್ದ ಈ ವ್ಯಾಧಿಯು 2023ರಲ್ಲಿ ಮನುಷ್ಯರಲ್ಲಿ ಕಂಡುಬಂದುದು ಕೇವಲ 14 ಮಂದಿಯಲ್ಲಿ. ಒಂದು ಗೇಣಗಲದ ಬಟ್ಟೆಯು ಮಾಡಿದ ಕೆಲಸವಿದು.

ನೀರನ್ನು ಸೋಸಿ ಬಳಸತಕ್ಕುದೆಂಬ ನಿಯಮವು ಆಚಾರವಂತರ ಮನೆಗಳಿಗೆ ಹೊಸದಲ್ಲ. ಜೀವದಯೆಯಿಂದಲೂ ಲಿಂಗದ ಮಜ್ಜನಕ್ಕೆ ನಿರ್ಮಲವಾದ ಅಗ್ಗವಣಿ ಬೇಕೆಂಬ ಭಕ್ತಿಯಿಂದಲೂ ಹಿರಿಯರು ಬಿಂದಿಗೆಯ ಬಾಯಿಗೆ ಬಟ್ಟೆ ಕಟ್ಟುತ್ತಿದ್ದರು. ಹುಳುವಿನ ಮರಿಯ ವಿಷಯವು ಅವರಿಗೆ ತಿಳಿದಿರಲಿಲ್ಲ; ಆದರೂ ಆ ಆಚಾರವು ಅವರನ್ನು ಕಾದಿತು. ಹಿರಿಯರು ಎಲ್ಲವನ್ನೂ ಮೊದಲೇ ಬಲ್ಲವರಾಗಿದ್ದರೆಂದು ಇದರಿಂದ ಹೆಮ್ಮೆಪಡತಕ್ಕುದಲ್ಲ. ಒಳ್ಳೆಯ ಆಚಾರವೊಂದಕ್ಕೆ ಅರಿವಿನ ಬೆಳಕು ಕೂಡಿದರೆ ಅದರ ಬಲವು ನೂರ್ಮಡಿಯಾಗುವುದೆಂದು ಮಾತ್ರ ತಿಳಿಯತಕ್ಕುದು.

ಅರಿವು ಕೂಡುವ ಬಗೆಗೆ ಇನ್ನೊಂದು ನಿದರ್ಶನವುಂಟು. ವಾಂತಿಭೇದಿಯೆಂದು ಜನರು ಕರೆಯುವ ಕಾಲರಾ ರೋಗದ ಜೀವಾಣುವನ್ನು ಜರ್ಮನಿಯ ರಾಬರ್ಟ್ ಕಾಕ್ ಎಂಬ ವೈದ್ಯನು 1884ರಲ್ಲಿ ಕಲ್ಕತ್ತೆಯ ಕೆರೆಯೊಂದರ ನೀರಿನಲ್ಲಿ ಕಂಡನು. ಆ ಜೀವಾಣುವು ಬಟ್ಟೆಯ ನೂಲುಗಳ ನಡುವೆ ಸುಲಭವಾಗಿ ನುಸುಳುವಷ್ಟು ಸೂಕ್ಷ್ಮವಾದುದು. ಆದರೆ ಕೆರೆಗಳ ನೀರಿನಲ್ಲಿ ಅದು ಬಹುಮಟ್ಟಿಗೆ ಸಣ್ಣ ಜಲಕೀಟಗಳ ಮೈಗೆ ಅಂಟಿಕೊಂಡಿರುವುದೆಂದು ಅಮೆರಿಕದ ರೀಟಾ ಕಾಲ್ವೆಲ್ ಎಂಬ ವಿದುಷಿಯೂ ಆಕೆಯ ಸಂಗಡಿಗರೂ ತೋರಿಸಿಕೊಟ್ಟರು. ಜಲಕೀಟವು ಬಟ್ಟೆಯಲ್ಲಿ ಸಿಕ್ಕಿಕೊಂಡರೆ ಅದರ ಮೈಮೇಲಿನ ರೋಗಾಣುವೂ ಸಿಕ್ಕಿತೆಂದೇ ಅರ್ಥ. ಬಾಂಗ್ಲಾದೇಶದ ಮತ್ಲಬ್ ಪ್ರಾಂತದ ಹಳ್ಳಿಗಳಲ್ಲಿ ಹಳೆಯ ಸೀರೆಯನ್ನು ನಾಲ್ಕು ಮಡಿಕೆ ಮಾಡಿ ಅದರಿಂದ ನೀರನ್ನು ಸೋಸುವುದನ್ನು ಹೆಂಗಸರಿಗೆ ಕಲಿಸಲಾಯಿತು. 2003ರಲ್ಲಿ ಪ್ರಕಟವಾದ ವರದಿಯಂತೆ ಅಲ್ಲಿ ಕಾಲರಾ ರೋಗವು ನೂರಕ್ಕೆ 48ರಷ್ಟು ಕಡಿಮೆಯಾಯಿತು. ಹೊಸ ಸೀರೆಗಿಂತ ಹಳೆಯ ಸೀರೆಯೇ ಮೇಲೆಂದು ಕಂಡುಬಂದಿತು. ಒಗೆದು ಒಗೆದು ಮೆತ್ತಗಾದ ನೂಲು ತನ್ನ ನಡುವಿನ ಸಂದುಗಳನ್ನು ತಾನೇ ಮುಚ್ಚಿಕೊಳ್ಳುವುದು. ಆದರೆ ಒಂದೇ ಮಡಿಕೆ ಸಾಲದು, ನಾಲ್ಕು ಬೇಕು. ಸೋಸಿದ ಮೇಲೆ ಬಟ್ಟೆಯನ್ನು ತೊಳೆದು ಬಿಸಿಲಿನಲ್ಲಿ ಒಣಗಿಸಬೇಕು. ಇಲ್ಲವಾದರೆ ಇಂದು ಕಾಯ್ದ ಬಟ್ಟೆಯೇ ನಾಳೆ ಕೊಲ್ಲುವುದು. ಬಟ್ಟೆಯು ಅರ್ಧ ರಕ್ಷೆಯೇ ಹೊರತು ಪೂರ್ಣ ರಕ್ಷೆಯಲ್ಲ. ಪೂರ್ಣ ರಕ್ಷೆ ಬೇಕಾದವರು ಸೋಸಿದ ನೀರನ್ನು ಕುದಿಸಲೂ ಬೇಕು. ತಳಮಳನೆ ಉಕ್ಕುವಂತೆ ಒಂದು ನಿಮಿಷ ಕುದಿದರೆ ಸಾಕು.

ನೀರಿನ ಮಾತಾಯಿತು, ಇನ್ನು ಕೈಯ ಮಾತು. ಇದಕ್ಕಾಗಿ ಯುರೋಪು ಖಂಡದ ವಿಯೆನ್ನಾ ನಗರದ ದೊಡ್ಡ ಆಸ್ಪತ್ರೆಗೆ ಹೋಗಬೇಕಾಗುವುದು. ಅಲ್ಲಿ 1840ರ ದಶಕದಲ್ಲಿ ಎರಡು ಹೆರಿಗೆಯ ವಿಭಾಗಗಳಿದ್ದವು. ಮೊದಲನೆಯದರಲ್ಲಿ ವಿದ್ಯಾವಂತರಾದ ವೈದ್ಯರೂ ವೈದ್ಯವಿದ್ಯಾರ್ಥಿಗಳೂ ಹೆರಿಗೆ ಮಾಡಿಸುತ್ತಿದ್ದರು. ಎರಡನೆಯದರಲ್ಲಿ ಸೂಲಗಿತ್ತಿಯರು ಮಾಡಿಸುತ್ತಿದ್ದರು. ಲೋಕದ ಲೆಕ್ಕದಲ್ಲಿ ಮೊದಲನೆಯದೇ ಶ್ರೇಷ್ಠವಾಗಬೇಕಷ್ಟೆ? ಆದರೆ 1846ರಲ್ಲಿ ಮೊದಲನೆಯ ವಿಭಾಗದಲ್ಲಿ ನೂರಕ್ಕೆ 11ಕ್ಕೂ ಮಿಕ್ಕಿದ ಬಾಣಂತಿಯರು ಸತ್ತರೆ, ಎರಡನೆಯದರಲ್ಲಿ ಸತ್ತವರು ನೂರಕ್ಕೆ 3ಕ್ಕಿಂತ ಕಡಿಮೆ. ಈ ಸಂಗತಿಯು ಊರಿಗೆಲ್ಲ ತಿಳಿದು, ಬಡ ಬಸುರಿಯರು ತಮ್ಮನ್ನು ವೈದ್ಯರ ವಿಭಾಗಕ್ಕೆ ಸೇರಿಸಬಾರದೆಂದು ಮೊಣಕಾಲೂರಿ ಬೇಡುತ್ತಿದ್ದರು.

ಆ ವಿಭಾಗದಲ್ಲಿ ಸಹಾಯಕ ವೈದ್ಯನಾಗಿದ್ದ ಹಂಗೆರಿಯ ಇಗ್ನಾಟ್ಸ್ ಸೆಮ್ಮೆಲ್ವೈಸ್ ಎಂಬುವನು ಈ ದುಃಖವನ್ನು ನೋಡಲಾರದೆ ಕಾರಣವನ್ನು ಹುಡುಕಿದನು. 1847ರಲ್ಲಿ ಅವನ ಮಿತ್ರನಾದ ಕೊಲ್ಲೆಚ್ಕಾ ಎಂಬ ವೈದ್ಯನಿಗೆ, ಶವವನ್ನು ಕೊಯ್ದು ಪರೀಕ್ಷಿಸುವಾಗ ಕತ್ತಿಯು ತಗುಲಿ ಗಾಯವಾಯಿತು. ಆತನು ಬಾಣಂತಿಯರು ಸಾಯುವ ಲಕ್ಷಣಗಳಿಂದಲೇ ಸತ್ತನು. ಆಗ ಸೆಮ್ಮೆಲ್ವೈಸನಿಗೆ ಕಣ್ಣು ತೆರೆಯಿತು. ವೈದ್ಯರು ಬೆಳಿಗ್ಗೆ ಶವಗಳನ್ನು ಕೊಯ್ದು, ಅದೇ ಕೈಯಿಂದ ಹೆರಿಗೆ ಮಾಡಿಸಲು ಬರುತ್ತಿದ್ದರು. ಸೂಲಗಿತ್ತಿಯರು ಶವಗಳನ್ನು ಮುಟ್ಟುತ್ತಿರಲಿಲ್ಲ. ಮೃತ್ಯುವು ವೈದ್ಯರ ಕೈಯಲ್ಲಿಯೇ ಕುಳಿತು ಬರುತ್ತಿದ್ದಿತು! ಅವನು ಕ್ಲೋರಿನ್ ಬೆರೆತ ಸುಣ್ಣದ ನೀರಿನಿಂದ ಎಲ್ಲರೂ ಕೈ ತೊಳೆಯಬೇಕೆಂದು ಆ ವರ್ಷದ ಮೇ ತಿಂಗಳಿನಲ್ಲಿ ಕಟ್ಟು ಮಾಡಿದನು. ಏಪ್ರಿಲಿನಲ್ಲಿ ನೂರಕ್ಕೆ 18ರಷ್ಟಿದ್ದ ಸಾವು ಜೂನಿನಲ್ಲಿ ನೂರಕ್ಕೆ ಸುಮಾರು 2ಕ್ಕೆ ಇಳಿಯಿತು.

ಇಂತಹ ಪ್ರತ್ಯಕ್ಷ ಪ್ರಮಾಣವಿದ್ದರೂ ಲೋಕವು ಅವನ ಮಾತನ್ನು ಮನ್ನಿಸಲಿಲ್ಲ. ತಮ್ಮ ಕೈಗಳೇ ತಾಯಂದಿರ ಸಾವಿಗೆ ಕಾರಣವಾದವೆಂಬ ಸತ್ಯವನ್ನು ಒಪ್ಪಿಕೊಳ್ಳುವುದು ಗೌರವಸ್ಥರಾದ ಅನೇಕ ವೈದ್ಯರಿಗೆ ಸಾಧ್ಯವಾಗಲಿಲ್ಲ. ಸೆಮ್ಮೆಲ್ವೈಸನು ವಿಯೆನ್ನಾವನ್ನು ಬಿಟ್ಟು ಹೋದನು. 1865ರಲ್ಲಿ ತನ್ನ 47ನೆಯ ವಯಸ್ಸಿನಲ್ಲಿ ಹುಚ್ಚಾಸ್ಪತ್ರೆಯೊಂದರಲ್ಲಿ ತೀರಿಕೊಂಡನು. ಪಾಶ್ಚರ್, ಲಿಸ್ಟರ್ ಮೊದಲಾದವರು ರೋಗಾಣುಗಳ ವಿಷಯವನ್ನು ಸ್ಥಾಪಿಸಿದ ಮೇಲೆಯೇ ಅವನ ಮಾತಿಗೆ ಬೆಲೆ ಬಂದಿತು. ನಡುವೆ ಕಳೆದ ವರ್ಷಗಳಲ್ಲಿ ಸತ್ತ ತಾಯಂದಿರೆಷ್ಟು ಮಂದಿ! ಅರಿವು ಹುಟ್ಟಿಯೂ ಆಚಾರವು ಹುಟ್ಟದೆ ಹೋದರೆ ತೆರಬೇಕಾದ ಬೆಲೆ ಅದು.

ಈ ಕಥೆಯಲ್ಲಿ ಶರಣಧರ್ಮದವರು ಆಲೋಚಿಸತಕ್ಕ ಗೂಢವಾದ ಅಂಶವೊಂದಿದೆ. ಬಸವಾದಿ ಶರಣರು ಜನನ, ಜಾತಿ, ರಜಸ್ಸು, ಉಚ್ಛಿಷ್ಟ, ಪ್ರೇತ ಎಂಬ ಪಂಚಸೂತಕಗಳನ್ನು ತಳ್ಳಿಹಾಕಿದರು. ಹುಟ್ಟಿನಿಂದ ಒಬ್ಬನು ಶುದ್ಧ, ಇನ್ನೊಬ್ಬನು ಅಶುದ್ಧನೆಂಬ ಮಾತನ್ನು ಅವರು ಒಪ್ಪಲಿಲ್ಲ. ವಿಯೆನ್ನಾದ ಆಸ್ಪತ್ರೆಯು ಈ ತತ್ತ್ವವನ್ನೇ ಇನ್ನೊಂದು ಬಗೆಯಲ್ಲಿ ಸಾರುವುದು: ಪದವಿಯಲ್ಲಿ ಮೇಲಾದವನ ಕೈ ಮಲಿನವಾಗಿದ್ದಿತು, ಕೀಳೆನಿಸಿದ ಸೂಲಗಿತ್ತಿಯ ಕೈ ನಿರ್ಮಲವಾಗಿದ್ದಿತು. ಶುದ್ಧಿಯು ಕುಲದಲ್ಲಿಯೂ ಇಲ್ಲ, ಪದವಿಯಲ್ಲಿಯೂ ಇಲ್ಲ, ತೊಳೆದ ಕೈಯಲ್ಲಿದೆ.

ಆದರೆ ಸೂತಕವನ್ನು ಬಿಟ್ಟವರು ಶೌಚವನ್ನೂ ಬಿಡಬಹುದೆಂದು ತಿಳಿದರೆ ಅದು ಮಹಾಪರಾಧ. ಬಾಣಂತಿಯನ್ನು ಮೈಲಿಗೆಯೆಂದು ಗಾಳಿ ಬೆಳಕಿಲ್ಲದ ಮೂಲೆಗೆ ನೂಕುವುದು ಸೂತಕದ ಮೌಢ್ಯ. ಆಕೆಯನ್ನೂ ಶಿಶುವನ್ನೂ ತೊಳೆಯದ ಕೈಯಿಂದ ಮುಟ್ಟುವುದು ಅಜ್ಞಾನದ ಮೌಢ್ಯ. ಎರಡೂ ಕೊಲ್ಲುವುವು. ಶರಣರು ಬಿಡಿಸಿದುದು ತಿರಸ್ಕಾರವನ್ನು, ನೀರನ್ನಲ್ಲ. ಬಟ್ಟೆಯನ್ನು ಮಡಿ ಮಾಡುವ ಕಾಯಕದ ಮಾಚಿದೇವನು ಶರಣಗಣದಲ್ಲಿ ಅಗ್ರಗಣ್ಯನಾದುದನ್ನು ನೆನೆದರೆ ಈ ಮಾತು ಸ್ಪಷ್ಟವಾಗುವುದು. ಮಡಿಯೆಂಬುದು ಅನ್ಯರಿಂದ ದೂರ ನಿಲ್ಲುವುದಕ್ಕೆ ನೆವವಾಗಬಾರದು. ಅನ್ಯರ ಹತ್ತಿರ ಹೋಗುವುದಕ್ಕೆ ಸಿದ್ಧತೆಯಾಗಬೇಕು. ಮಗುವನ್ನು ಎತ್ತಿಕೊಳ್ಳುವ ಮುನ್ನ, ಅಡಿಗೆ ಮಾಡುವ ಮುನ್ನ, ಉಣ್ಣುವ ಮತ್ತು ನೀಡುವ ಮುನ್ನ, ಶೌಚದ ತರುವಾಯ, ಸಾಬೂನಿನಿಂದ ಕೈಗಳನ್ನು ಬೆರಳಸಂದುಗಳೊಡನೆ ಇಪ್ಪತ್ತು ಎಣಿಸುವಷ್ಟು ಕಾಲ ಉಜ್ಜಿ ತೊಳೆಯುವುದು ಪರಹಿತದ ಆಚಾರ. 2020ರ ಮಹಾಮಾರಿಯ ಕಾಲದಲ್ಲಿ ಜಗತ್ತೇ ಈ ಪಾಠವನ್ನು ಓದಿತು. ಮಹಾಮಾರಿ ತಗ್ಗಿದೊಡನೆ ಅನೇಕರು ಅದನ್ನು ಮರೆತರು. ಭಯದಿಂದ ಹುಟ್ಟಿದ ಆಚರಣೆಯು ಭಯದೊಡನೆಯೇ ಹೋಗುವುದು. ದಯೆಯಿಂದ ಹುಟ್ಟಿದುದು ನಿಲ್ಲುವುದು.

ಮೂರನೆಯ ಸಂಗತಿಯು ಉಪ್ಪು ಮತ್ತು ಬೆಲ್ಲದ್ದು. ವಾಂತಿಭೇದಿಯಾದವನು ಸಾಯುವುದು ಮುಖ್ಯವಾಗಿ ಮೈಯ ನೀರೂ ಉಪ್ಪೂ ಬರಿದಾಗುವುದರಿಂದ. ನಾಳಕ್ಕೆ ಸೂಜಿ ಚುಚ್ಚಿ ಲವಣಜಲವನ್ನು ಏರಿಸುವುದೊಂದೇ ಚಿಕಿತ್ಸೆಯೆಂದು ಬಹುಕಾಲ ತಿಳಿಯಲಾಗಿತ್ತು. ಆದರೆ ಕರುಳಿನಲ್ಲಿ ಉಪ್ಪಿನೊಡನೆ ಸಕ್ಕರೆಯ ಅಂಶವು ಕೂಡಿದರೆ ಎರಡೂ ಜೊತೆಯಾಗಿ ಒಳಗೆ ಹೀರಲ್ಪಡುವುವು, ಅವುಗಳ ಹಿಂದೆ ನೀರೂ ಒಳಸೇರುವುದು ಎಂಬುದು 1960ರ ದಶಕದಲ್ಲಿ ತಿಳಿದುಬಂದಿತು. 1968ರಲ್ಲಿ ಢಾಕಾ ನಗರದ ಆಸ್ಪತ್ರೆಯಲ್ಲಿ ಇದರ ಪ್ರಯೋಗವು ಫಲಿಸಿತು. 1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರು ಲಕ್ಷೋಪಲಕ್ಷವಾಗಿ ಬಂಗಾಳಕ್ಕೆ ಬಂದಾಗ ಬನಗಾಂವ್ ಶಿಬಿರದಲ್ಲಿ ಕಾಲರಾ ಹಬ್ಬಿತು. ಏರಿಸುವ ಲವಣಜಲವು ಮುಗಿಯುತ್ತ ಬಂದಿತು. ಆಗ ದಿಲೀಪ ಮಹಲನಬೀಸ್ ಎಂಬ ವೈದ್ಯರು ಉಪ್ಪು, ಸೋಡಾ, ಗ್ಲೂಕೋಸುಗಳ ಪೊಟ್ಟಣಗಳನ್ನು ಕಲ್ಕತ್ತೆಯಲ್ಲಿ ಕಟ್ಟಿಸಿ ತರಿಸಿ, ನೀರಿನಲ್ಲಿ ಕರಗಿಸಿ, ರೋಗಿಗಳ ಬಂಧುಗಳ ಕೈಯಿಂದಲೇ ಕುಡಿಸಿದರು. ನೂರಕ್ಕೆ ಮೂವತ್ತರಷ್ಟಿದ್ದ ಸಾವು ನೂರಕ್ಕೆ ನಾಲ್ಕಕ್ಕಿಂತಲೂ ಕೆಳಗಿಳಿಯಿತು. ಆ ಮಹನೀಯರು 2022ರಲ್ಲಿ ದಿವಂಗತರಾದರು. ಮರುವರ್ಷ ಭಾರತ ಸರ್ಕಾರವು ಅವರಿಗೆ ಮರಣೋತ್ತರವಾಗಿ ಪದ್ಮವಿಭೂಷಣ ಪ್ರಶಸ್ತಿಯನ್ನಿತ್ತಿತು.

ಇಲ್ಲಿಯೂ ಆವಿಷ್ಕಾರವು ಆಚಾರವಾಗಬೇಕಾಗಿದ್ದಿತು. ಆ ಕೆಲಸವನ್ನು 1980ರಿಂದ ಹತ್ತು ವರ್ಷಗಳ ಕಾಲ ಬಾಂಗ್ಲಾದೇಶದ ಬ್ರಾಕ್ ಎಂಬ ಸೇವಾಸಂಸ್ಥೆಯು ಮಾಡಿತು. ಅದರ ಕಾರ್ಯಕರ್ತೆಯರು ಒಂದು ಕೋಟಿಗೂ ಮಿಕ್ಕಿದ ಮನೆಗಳಿಗೆ ನಡೆದುಹೋಗಿ, ಮೂರು ಬೆರಳ ಚಿಟಿಕೆ ಉಪ್ಪನ್ನೂ ಒಂದು ಹಿಡಿ ಬೆಲ್ಲವನ್ನೂ ಅರ್ಧ ಸೇರು ನೀರಿನಲ್ಲಿ ಕರಗಿಸುವುದನ್ನು ತಾಯಂದಿರಿಗೆ ಕಲಿಸಿದರು. ಕಾರ್ಯಕರ್ತೆಯ ಸಂಬಳವು ಆಕೆ ಎಷ್ಟು ಮನೆ ನೋಡಿದಳೆಂಬುದನ್ನಲ್ಲ, ಕಲಿತ ತಾಯಿಗೆ ಪಾಠವು ಎಷ್ಟು ನೆನಪಿನಲ್ಲಿ ಉಳಿಯಿತೆಂಬುದನ್ನು ಅವಲಂಬಿಸಿದ್ದಿತು. ಬೋಧಿಸುವವರೆಲ್ಲರೂ ಗಮನಿಸತಕ್ಕ ಮಾತಿದು: ಹೇಳಿದುದು ಬೋಧೆಯಲ್ಲ, ಕೇಳಿದವನಲ್ಲಿ ಉಳಿದುದು ಬೋಧೆ. ಇಂದು ಪೊಟ್ಟಣಗಳು ಆರೋಗ್ಯ ಕೇಂದ್ರಗಳಲ್ಲಿಯೂ ಔಷಧದ ಅಂಗಡಿಗಳಲ್ಲಿಯೂ ದೊರೆಯುವುವು. ದೊರೆಯದಿದ್ದಲ್ಲಿ, ಒಂದು ಲೀಟರು ಶುದ್ಧವಾದ ನೀರಿಗೆ ಆರು ಸಮ ಚಹಾಚಮಚ ಸಕ್ಕರೆ, ಅರ್ಧ ಸಮ ಚಹಾಚಮಚ ಉಪ್ಪು. ಉಪ್ಪು ಮಿತಿಮೀರಿದರೆ ಕೂಸಿಗೆ ಅಪಾಯವಾದುದರಿಂದ ಅಳತೆಯು ತಪ್ಪಬಾರದು. ಗುಟುಕು ಗುಟುಕಾಗಿ ಕುಡಿಸಬೇಕು, ಮೊಲೆಹಾಲನ್ನು ನಿಲ್ಲಿಸಬಾರದು, ಮಗುವು ಸೋತು ಕಣ್ಣು ಗುಳಿಬಿದ್ದರೆ ಕುಡಿಸುತ್ತಲೇ ಆಸ್ಪತ್ರೆಗೆ ಒಯ್ಯಬೇಕು.

ಒಲೆಯ ವಿಷಯದಲ್ಲಿಯೂ ಮಾತು ಬೇರೆಯಲ್ಲ. ಹೊಗೆಯಲ್ಲಿ ಬೇಯುವ ತಾಯಂದಿರ ಕಣ್ಣು ಮತ್ತು ಶ್ವಾಸಕೋಶಗಳನ್ನು ಕಾಯಲೆಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಸ್ಥಾಪಿತವಾದ ಗ್ರಾಮವಿಜ್ಞಾನದ ಕೇಂದ್ರವು ಹೊಗೆಕೊಳವೆಯುಳ್ಳ ಅಸ್ತ್ರ ಒಲೆಯನ್ನು ರೂಪಿಸಿತು. ಸೌದೆಯೂ ಉಳಿಯಿತು, ಹೊಗೆಯೂ ಹೊರಹೋಯಿತು. ಆದರೆ ಕೊಳವೆಯ ಮಸಿಯನ್ನು ಆಗಾಗ ತೆಗೆಯದ ಮನೆಯಲ್ಲಿ ಅದೇ ಹೊಗೆಯು ಮತ್ತೆ ಒಳಗೇ ತಿರುಗುವುದು. ಯಂತ್ರವು ಮನುಷ್ಯನ ಆಚಾರವನ್ನು ತಾನು ವಹಿಸಿಕೊಳ್ಳಲಾರದು.

ಶರಣ ಬಂಧುಗಳೇ, ಇಂದು ಈ ಮಠದಲ್ಲಿ ಸಾವಿರಾರು ಜನರು ಒಂದೇ ಪಂಕ್ತಿಯಲ್ಲಿ ಪ್ರಸಾದ ಸ್ವೀಕರಿಸುವರು. ದಾಸೋಹದ ಮಹಿಮೆ ಅದು. ಅದರ ಹೊಣೆಯೂ ಅಷ್ಟೇ ದೊಡ್ಡದು. ಒಂದು ಮಲಿನವಾದ ಕೈ, ಒಂದು ಮುಚ್ಚದ ಕೊಳಗ, ಸೋಸದ ಒಂದು ಹರವಿ ನೀರು, ಇವುಗಳಲ್ಲಿ ಯಾವುದೊಂದಾದರೂ ನೂರು ಮನೆಗಳಿಗೆ ಭಕ್ತಿಯೊಡನೆ ವ್ಯಾಧಿಯನ್ನೂ ಕಳುಹಬಲ್ಲದು. ಪ್ರಸಾದವೆಂದು ಕಣ್ಣಿಗೊತ್ತಿಕೊಂಡು ಸ್ವೀಕರಿಸುವವನು ನೀಡುವವನ ಕೈಯನ್ನು ಪರೀಕ್ಷಿಸುವುದಿಲ್ಲ; ನಂಬುವನು. ಆ ನಂಬಿಕೆಗೆ ದ್ರೋಹವಾಗದಂತೆ ನಡೆಯುವುದೇ ದಾಸೋಹಿಯ ಮೊದಲ ನೇಮ. ಪಾದೋದಕದ ನೀರೂ ಪಾಕದ ನೀರೂ ಸೋಸಿ ಕುದಿಸಿದವುಗಳಾಗಿರಲಿ. ಪಂಕ್ತಿಯ ಬಾಗಿಲಿನಲ್ಲಿ ನೀರೂ ಸಾಬೂನೂ ಇರಲಿ. ಮಠದ ಪಾಠಶಾಲೆಯ ಮಕ್ಕಳು ಮಂತ್ರದೊಡನೆ ಈ ಅಳತೆಗಳನ್ನೂ ಕಂಠಪಾಠ ಮಾಡಲಿ.

ಉತ್ಸವದ ಸ್ಮರಣೆಗಾಗಿ ಶಿಲೆಯ ಮಂಟಪಗಳು ಏಳುವುವು, ಏಳಲಿ. ಆದರೆ ಮಹೋತ್ಸವಕ್ಕೆ ಬಂದ ಪ್ರತಿಯೊಬ್ಬ ಭಕ್ತನೂ ಹಿಂದಿರುಗಿ ತನ್ನ ಮನೆಯ ಬಿಂದಿಗೆಗೆ ನಾಲ್ಕು ಮಡಿಕೆಯ ಬಟ್ಟೆಯನ್ನು ಕಟ್ಟಿದರೆ, ಲಿಂಗವನ್ನು ಧರಿಸುವ ಕೈಯನ್ನು ಅನ್ನ ನೀಡುವ ಮುನ್ನವೂ ಅದೇ ಭಕ್ತಿಯಿಂದ ತೊಳೆದರೆ, ನೆರೆಮನೆಯ ಕೂಸು ಭೇದಿಯಿಂದ ಬಳಲುವಾಗ ಕುಲವನ್ನು ಕೇಳದೆ ಉಪ್ಪು ಸಕ್ಕರೆಯ ನೀರನ್ನು ಒಯ್ದು ಕುಡಿಸಿದರೆ, ಶ್ರೀಮಠದ ಕೀರ್ತಿಯು ಉಳಿದ ಪ್ರಾಣಗಳಲ್ಲಿಯೇ ನೆಲೆಸುವುದು. ಅರಿವು ಆಚಾರವಾಗಲಿ, ಆಚಾರವು ಲೋಕಹಿತವಾಗಲಿ. ಸರ್ವರಿಗೂ ಸನ್ಮಂಗಳವಾಗಲಿ.